ಕಲ್ಲಂಗಡಿ ಬಣ್ಣದ ಬಿಸ್ಕತ್ತು

ಇಡ್ಲಿ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವ ಜಾತಿ ನನ್ನದು. ಅಮ್ಮ ಈ ಒಂದು ಚಟಕ್ಕೆ ಬೈದಷ್ಟು ಇನ್ಯಾವುದಕ್ಕೂ ಬೈದವಳಲ್ಲ. ಹಾಗಿರುವಾಗ ತಿರುವನಂತಪುರದ ಶ್ರೀಕಾರ್ಯಂನಲ್ಲಿ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿದ್ದ ಒಡತಿ ಒಂದು ದಿನ ಬಂದು, ಹಿಟ್ಟನ್ನು ಬಣ್ಣಬಣ್ಣದ ಪದರ ಮಾಡಿ ಸುರುಳಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಒಂದು ಹಣ್ಣು ಮೂಡುತ್ತದೆ ಎಂದು ಹೇಳಿದರೆ ನಾನು ಸುಮ್ಮನೆ ಕೂರುವುದುಂಟೆ? ಕೊಯ್ಯುವವರೆಗೆ ಒಳಗೇನಿದೆ ಎಂದು ಗೊತ್ತಾಗದ ತಿಂಡಿ ಎಂದರೆ ಅದು ನನಗಾಗಿಯೇ ಹುಟ್ಟಿದ ತಿಂಡಿ.

ಆಕೆಯನ್ನು ಎಲ್ಲರೂ ಚೇಚ್ಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಬಹಳ ವರ್ಷ ಗಲ್ಫಿನಲ್ಲಿ ನರ್ಸಾಗಿದ್ದು ಊರಿಗೆ ಮರಳಿದವರು. ಬರುವಾಗ ತಂದ ಓವನ್ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿತ್ತು, ಕ್ರಿಸ್‌ಮಸ್ಸಿಗೆ ಕೇಕ್ ಮಾಡಿದರೆ ಉಂಟು, ಇಲ್ಲದಿದ್ದರೆ ಅದರ ಮೇಲೊಂದು ಕಸೂತಿ ಬಟ್ಟೆ. ಅದನ್ನು ನನಗೆ ಧಾರಾಳವಾಗಿ ಬಿಟ್ಟುಕೊಟ್ಟರು. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ ಎಂದಾಗ ಮಾತ್ರ ಸ್ವಲ್ಪ ಮುಖ ಸಿಂಡರಿಸಿ, ಹಾಗಾದರೆ ಎರಡು ಚಮಚ ಹಾಲು ಹಾಕು ಎಂದರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ನಮ್ಮ ಯಜಮಾನರದು ಕೇಂದ್ರ ಸರ್ಕಾರದ ಕೆಲಸ. ಮೈಸೂರಿನಿಂದ ಕೊಚ್ಚಿಗೆ, ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗವಾಗಿತ್ತು. ಮಗ ಮೂರನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವನು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ. ಹೆಚ್ಚಾಗಿ ಅವನು ಕೇಳುವವನೇ ಹೊರತು ಹೇಳುವವನಲ್ಲ. ಪ್ರಶ್ನೆ ಕೇಳುವುದರಲ್ಲಿ ಥೇಟ್ ನನ್ನ ಮಗ.

ಕೊಚ್ಚಿಯಲ್ಲಿದ್ದಾಗ ಭಾನುವಾರ ಸಂಜೆ ಫೋರ್ಟ್ ಕೊಚ್ಚಿಯ ದಡಕ್ಕೆ ಹೋಗಿ ಕೂರುತ್ತಿದ್ದೆವು. ಹಡಗುಗಳು ಒಳಗೆ ಬರುವುದು ಅಲ್ಲಿಂದ ಕೈಗೆಟುಕುವ ಹಾಗೆ ಕಾಣುತ್ತದೆ. ಸಣ್ಣ ದೋಣಿಯೊಂದು ಎದುರು ಹೋಗುತ್ತದೆ, ಅದರಿಂದ ಒಬ್ಬ ಮನುಷ್ಯ ಹಗ್ಗದ ಏಣಿ ಹತ್ತಿ ಹಡಗಿನೊಳಗೆ ಸೇರಿಕೊಳ್ಳುತ್ತಾನೆ, ಆಮೇಲೆ ಅಷ್ಟು ದೊಡ್ಡ ಹಡಗು ಅವನು ಹೇಳಿದ ಹಾಗೆ ಕೇಳುತ್ತ ಬಂದರಿಗೆ ಬರುತ್ತದೆ. ಅವನನ್ನು ಪೈಲಟ್ ಅನ್ನುತ್ತಾರೆ ಎಂದು ಇವರು ಹೇಳಿದ್ದೇ ತಡ, ಮಗ ಅವತ್ತೇ ತೀರ್ಮಾನ ಮಾಡಿಬಿಟ್ಟ. ತಾನು ಆಗುವುದು ಅದೇ, ಬೇರೇನೂ ಅಲ್ಲ. ಮನೆಯ ಕಿಟಕಿಯ ಸರಳೆಲ್ಲ ಹಗ್ಗದ ಏಣಿಯಾಯಿತು. ತಿರುವನಂತಪುರಕ್ಕೆ ವರ್ಗವಾದಾಗ ಅವನು ಅತ್ತದ್ದು ಗೆಳೆಯರಿಗಾಗಿ ಅಲ್ಲ, ಹಡಗಿಗಾಗಿ.

ಒಂದು ಸಂಜೆ ಇವರು ನೀರಿನಲ್ಲಿ ತೇಲುವ ದೀಪಗಳನ್ನು ತೋರಿಸಿ, ದಾರಿಯ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು, ಅವೆರಡರ ನಡುವೆ ಹಡಗು ಬರಬೇಕು ಎಂದು ವಿವರಿಸಿದ್ದರು. ಮಗ ಬಹಳ ಹೊತ್ತು ನೋಡಿ, "ಯಾವ್ದು ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದ. ಎಂಥಾ ಪ್ರಶ್ನೆ ಕೇಳ್ತಾನೆ ನೋಡು ಎಂದು ಇಬ್ಬರೂ ಹೆಮ್ಮೆಪಟ್ಟೆವು. ಉತ್ತರ ಕೊಡಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬಿಸ್ಕತ್ತಿಗೆ ಬರುತ್ತೇನೆ. ಬೆಣ್ಣೆ, ಪುಡಿ ಸಕ್ಕರೆ, ಮೈದಾ, ಹಾಲು, ನಾಲ್ಕು ಹನಿ ವೆನಿಲಾ. ಹಿಟ್ಟನ್ನು ಭಾಗ ಮಾಡಿ, ಒಂದಕ್ಕೆ ಕೆಂಪು ಬಣ್ಣ ಹಾಕಿ ಕರಿ ಎಳ್ಳು ಬೆರೆಸಿ ಕೋಲಿನ ಹಾಗೆ ಹೊಸೆಯಬೇಕು. ಅದು ಕಲ್ಲಂಗಡಿಯ ತಿರುಳು ಮತ್ತು ಬೀಜ. ಇನ್ನೊಂದಕ್ಕೆ ಹಸಿರು ಬಣ್ಣ ಕಲಸಿ ಹಾಳೆಯ ಹಾಗೆ ತೆಳ್ಳಗೆ ಲಟ್ಟಿಸಿ ಕೋಲಿಗೆ ಸುತ್ತಬೇಕು, ಅದು ಸಿಪ್ಪೆ. ನಡುವೆ ಬಿಳಿಯ ಪದರವೂ ಇರಬೇಕು ಎಂದು ಚೇಚ್ಚಿ ಹೇಳಿದ್ದರು. ನಾನು ಸೋಮಾರಿತನದಿಂದ ಅದನ್ನು ಬಿಟ್ಟೆ. ಕಿವಿ ಹಣ್ಣನ್ನೂ ಮಾಡೋಣ ಎಂದರು ಅವರು. ನಾನು ಆವರೆಗೆ ಕಿವಿ ಹಣ್ಣನ್ನು ಕಣ್ಣಾರೆ ಕಂಡವಳಲ್ಲ. ಹೊರಗೆ ಸಪೋಟದ ಹಾಗೆ, ಒಳಗೆ ಹಸಿರು ಎಂದು ಅವರು ವರ್ಣಿಸಿದ್ದನ್ನು ಕೇಳಿಯೇ ಒಂದು ಸುರುಳಿ ಮಾಡಿದೆ. ಮುಂದೆ ಎಷ್ಟೋ ದಿನಕ್ಕೆ ನಿಜವಾದ ಹಣ್ಣು ನೋಡಿದಾಗ, ಅರೆ, ನನ್ನ ಬಿಸ್ಕತ್ತಿನ ಹಾಗೇ ಇದೆಯಲ್ಲ ಎಂದು ಅದಕ್ಕೆ ಶಹಭಾಸ್ ಹೇಳಿದ್ದೇನೆ.

ಅದೊಂದು ಶನಿವಾರದ ಮಧ್ಯಾಹ್ನ. ಸುರುಳಿಗಳನ್ನು ಫ್ರಿಜ್ಜಿನಲ್ಲಿಟ್ಟು ಕಾಯುವಾಗ ಕರೆಂಟು ಹೋಯಿತು. ತಿರುವನಂತಪುರದ ಸೆಕೆಗೆ ಬೆಣ್ಣೆಯೆಂಬುದು ನಿಂತ ನಿಲುವಿನಲ್ಲಿ ಕರಗುತ್ತದೆ. ಕರೆಂಟು ಬರುವವರೆಗೆ ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಇಡ್ಲಿಯ ಮುಚ್ಚಳಕ್ಕೇ ಸುಮ್ಮನಿರದವಳು ನಾನು. ತೆಗೆದು ತೆಗೆದು ನೋಡಿ, ಕೊನೆಗೆ ಕಲ್ಲಂಗಡಿಯ ಸುರುಳಿಯ ಅರ್ಧವನ್ನು ಕೊಯ್ದೇಬಿಟ್ಟೆ. ಒಳಗೆ ಕೆಂಪು ತಿರುಳು, ಸುತ್ತ ಹಸಿರು ಬಳೆ. ಎಷ್ಟು ಚೆಂದವಿತ್ತೆಂದರೆ ಒಬ್ಬಳೇ ನಕ್ಕೆ.

ಎಡವಟ್ಟಾದದ್ದು ಆಮೇಲೆ. ಸುರುಳಿ ಸುತ್ತುವುದು, ಕೊಯ್ಯುವುದು, ಇವೆಲ್ಲ ನನ್ನ ಕೈಗೆ ಹೊಸದಲ್ಲ. ಮದುವೆಯ ಚಿರೋಟಿಗೆ ಕೂತು ಬೆಳೆದವಳು ನಾನು. ಚಿರೋಟಿಯ ಸುರುಳಿಯನ್ನು ಕೊಯ್ದ ಮೇಲೆ ಬಿಲ್ಲೆಯನ್ನು ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಅಂಗೈಯಲ್ಲಿ ಒತ್ತಿ, ಲಟ್ಟಣಿಗೆ ಆಡಿಸಿದರೇ ಅದು ಚಿರೋಟಿ. ಕೈ ತನ್ನ ಪಾಡಿಗೆ ತಾನು ಅದನ್ನೇ ಮಾಡಿತು. ಒಂದೊಂದೇ ಬಿಲ್ಲೆಯನ್ನು ಒತ್ತಿದೆ, ಲಟ್ಟಿಸಿದೆ. ಮೆತ್ತಗಾಗಿದ್ದ ಹಿಟ್ಟು ಲಟ್ಟಣಿಗೆಗೆ ಹತ್ತಿ, ಎಳೆದಾಡಿ, ಕೆಂಪು ಹಸಿರಿನೊಳಗೆ ಹೋಗಿ, ಹಸಿರು ಕೆಂಪಿನೊಳಗೆ ಬಂದು, ಅರ್ಧ ಬಿಲ್ಲೆಗಳು ಮುಗಿದ ಮೇಲೆ ನೋಡುತ್ತೇನೆ, ಕಲ್ಲಂಗಡಿಯೂ ಇಲ್ಲ, ಯಾವ ಹಣ್ಣೂ ಇಲ್ಲ. ಕೊಳೆತ ಮಾವಿನಕಾಯಿಯ ಹಾಗಿದ್ದ ಏನೋ ಒಂದು. ಉಳಿದವನ್ನು ಒತ್ತದೆ ಹಾಗೇ ಬಿಟ್ಟೆ. ಕರೆಂಟು ಬಂದ ಮೇಲೆ ಎಲ್ಲವನ್ನೂ ಮೇಲೆ ಒಯ್ದು ಬೇಯಿಸಿಕೊಂಡು ಬಂದೆ.

ಆರಲು ಬಿಟ್ಟು ಮಗನನ್ನು ಕರೆದು, "ಚೆನ್ನಾಗಿರೋದನ್ನ ಆರಿಸಿ ಚೇಚ್ಚಿಗೆ ಕೊಟ್ಟು ಬಾ. ಕೆಟ್ಟಿದ್ದು ನಮಗಿರ್ಲಿ" ಎಂದೆ. ಅವನು ತಟ್ಟೆ ತುಂಬಿಕೊಂಡು ಮೆಟ್ಟಿಲು ಹತ್ತಿದ. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಚೇಚ್ಚಿಯ ನಗು ಕೇಳಿಸಿತು.

"ಇದೆಂದ್ ಪಳಮಾ ಮೋಳೇ?" ಇದು ಯಾವ ಹಣ್ಣೇ ಮಗಳೇ ಎಂದು ಬಾಲ್ಕನಿಯಿಂದ ಬಗ್ಗಿ ಕೇಳುತ್ತಿದ್ದರು. ನೋಡಿದರೆ ಅವರ ಕೈಯಲ್ಲಿ ಲಟ್ಟಿಸಿ ಕೆಟ್ಟುಹೋದ ಬಿಸ್ಕತ್ತು. ಮಗ ಆರಿಸಿ ಆರಿಸಿ ಒಯ್ದದ್ದು ಅವನ್ನೇ. ನನ್ನ ಮಾನ ಹರಾಜಾಯಿತು.

"ಚೆನ್ನಾಗಿರೋದು ಕೊಡು ಅಂದ್ರೆ ಕೆಟ್ಟಿದ್ದನ್ನೆಲ್ಲ ಕೊಟ್ಟು ಬಂದಿದೀಯಲ್ಲೋ!"

"ದೊಡ್ಡದೇ ಚೆನ್ನಾಗಿರೋದು ಅಂದ್ಕೊಂಡೆ" ಎಂದ ಅವನು. ಅಣಕಿಸುತ್ತಿರಲಿಲ್ಲ. ನಿಜವಾಗಿ ಗೊಂದಲದಲ್ಲಿದ್ದ. ಲಟ್ಟಿಸಿದ್ದು ಅಗಲವಾಗಿತ್ತು, ಹೌದು. ಅಷ್ಟೇ ಏನು ಇವನಿಗೆ ಕಂಡ ವ್ಯತ್ಯಾಸ? ಬೈಯುವುದನ್ನು ಬಿಟ್ಟು ಒಂದು ಒಳ್ಳೆಯದನ್ನೂ ಒಂದು ಕೆಟ್ಟದ್ದನ್ನೂ ಅವನ ಮುಂದಿಟ್ಟೆ.

"ಇವೆರಡಕ್ಕೂ ಏನು ವ್ಯತ್ಯಾಸ ಹೇಳು."

"ಇದು ದೊಡ್ಡದು, ಇದು ಚಿಕ್ಕದು."

"ಬಣ್ಣ?"

"ರಂಡುಂ ಒನ್ನಲ್ಲೇ?" ಎರಡೂ ಒಂದೇ ಅಲ್ಲವಾ ಎಂದು ನನ್ನನ್ನೇ ಕೇಳಿದ.

"ಯಾವ ಬಣ್ಣ?"

ಅವನು ನನ್ನ ಮುಖ ನೋಡಿದ. ಮೇಷ್ಟರ ಮುಂದೆ ಉತ್ತರ ಊಹಿಸುವ ಮಕ್ಕಳು ನೋಡುತ್ತಾರಲ್ಲ, ಹಾಗೆ. ಆಮೇಲೆ, "ಕಲ್ಲಂಗಡಿ ಬಣ್ಣ" ಎಂದ.

ಆ ಮಾತು ನನ್ನನ್ನು ದಿನಗಟ್ಟಲೆ ಬಿಡಲಿಲ್ಲ. ಅವನು ಬಿಡಿಸಿದ ಚಿತ್ರಗಳನ್ನು ತೆಗೆದು ನೋಡಿದೆ. ಮರದ ಕಾಂಡ ಹಸಿರು, ಎಲೆ ಕಂದು. ಸ್ಕೂಲಿನಲ್ಲಿ ಗಮನವಿಲ್ಲ ಎಂದಿದ್ದರು, ನಾವೂ ಹೌದೆಂದಿದ್ದೆವು. ಆಕಾಶ ಮಾತ್ರ ಯಾವಾಗಲೂ ನೀಲಿ, ಸೂರ್ಯ ಹಳದಿ, ಅವುಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ತರಕಾರಿ ಬುಟ್ಟಿಯಿಂದ ಹಣ್ಣು ಟೊಮೆಟೊ ಕೊಡು ಎಂದರೆ ಒಂದೊಂದನ್ನೇ ಹಿಚುಕಿ ನೋಡಿ ಕೊಡುತ್ತಿದ್ದ. ಒಳ್ಳೆ ಗೃಹಿಣಿಯ ಹಾಗೆ ಆರಿಸ್ತಾನೆ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಅವನಿಗೆ ಏನು ಕಾಣುತ್ತದೆ? ನನಗೆ ಭಯಕ್ಕಿಂತ ಮೊದಲು ಹುಟ್ಟಿದ್ದು ಈ ಪ್ರಶ್ನೆ. ಅವನು ಸ್ಕೂಲಿಗೆ ಹೋದ ಮೇಲೆ ಚಾಕೊಲೇಟಿನ ಬಣ್ಣದ ಕಾಗದಗಳನ್ನು ಕಣ್ಣಿಗೆ ಹಿಡಿದು ಮನೆಯೆಲ್ಲ ಓಡಾಡಿದೆ. ಹಳದಿ ಕಾಗದದಲ್ಲಿ ನೋಡಿದರೆ ಎಲ್ಲ ಹಳದಿ, ಕೆಂಪಿನಲ್ಲಿ ನೋಡಿದರೆ ಎಲ್ಲ ಕೆಂಪು. ಹಿತ್ತಲಿನ ದಾಸವಾಳದ ಮುಂದೆ ನಿಂತು ಕಣ್ಣು ಕಿರಿದು ಮಾಡಿ, ಹೂವು ಎಲೆಯೊಳಗೆ ಮಾಯವಾಗುತ್ತದೆಯೇ ಎಂದು ಕಾದೆ. ಆಗಲಿಲ್ಲ. ಹೆತ್ತವಳು ನಾನೇ, ಆದರೆ ಅವನ ಕಣ್ಣಿನ ಹಿಂದೆ ಹೋಗಿ ಒಂದು ಗಳಿಗೆ ನಿಂತು ನೋಡಲು ದಾರಿಯಿರಲಿಲ್ಲ.

ಇವರು ಮೊದಲು ನಕ್ಕರು. ಆಮೇಲೆ ತಾವೇ ಎರಡು ಪೆನ್ಸಿಲು ಹಿಡಿದು ಪರೀಕ್ಷೆ ಮಾಡಿ, ನಗುವುದನ್ನು ನಿಲ್ಲಿಸಿದರು. ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಂಗಸು, ಸಮಾಧಾನದ ಮಾತು. ಬಣ್ಣದ ಚುಕ್ಕೆಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಚುಕ್ಕೆಗಳ ನಡುವೆ ನನಗೂ ಇವರಿಗೂ ಅಂಕಿ ಎದ್ದು ಕಾಣುತ್ತಿತ್ತು. ಮಗ ಬಗ್ಗಿ ಬಗ್ಗಿ ನೋಡಿ, ಇಲ್ಲಿ ಬರೀ ಚುಕ್ಕೆ ಇದೆ ಎಂದ. ಅವನನ್ನು ಹೊರಗೆ ಮೀನಿನ ತೊಟ್ಟಿಯ ಹತ್ತಿರ ಕಳಿಸಿ, ಕೆಂಪು ಮತ್ತು ಹಸಿರು ಇವನಿಗೆ ಬೇರೆಯಾಗಿ ಕಾಣುವುದಿಲ್ಲ, ದೃಷ್ಟಿಗೇನೂ ತೊಂದರೆಯಿಲ್ಲ, ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ ಎಂದರು.

"ಹಡಗಿನ ಪೈಲಟ್ ಆಗಬೇಕು ಅಂತಿದ್ದಾನೆ" ಎಂದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಆಗುವುದಿಲ್ಲ, ಮೆಡಿಕಲ್‌ನಲ್ಲಿ ಬಿಡುವುದಿಲ್ಲ ಎಂದರು. ಆಮೇಲೆ ನನ್ನನ್ನು ನೋಡಿ, ಇದು ತಾಯಿಯ ಕಡೆಯಿಂದ ಬರುತ್ತದೆ, ನಿಮಗೆ ಅಣ್ಣ ತಮ್ಮಂದಿರಿದ್ದಾರಾ ಎಂದು ಕೇಳಿದರು.

ನನಗೆ ಒಬ್ಬ ಅಣ್ಣನಿದ್ದಾನೆ. ಮೈಸೂರಿನಲ್ಲಿ ಗಣಿತದ ಮೇಷ್ಟ್ರು. ಹುಡುಗನಾಗಿದ್ದಾಗ ಅವನಿಗೆ ರೈಲಿನ ಹುಚ್ಚು. ಇಂಜಿನ್ ಡ್ರೈವರ್ ಆಗಬೇಕೆಂದು ಪರೀಕ್ಷೆಯನ್ನೂ ಕಟ್ಟಿದ್ದ. ಮದರಾಸಿಗೆ ಹೋಗಿ ಬಂದು, ಫೇಲಾದೆ ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದವನು ಮತ್ತೆ ಆ ಸುದ್ದಿ ಎತ್ತಲಿಲ್ಲ. ಲೆಕ್ಕದಲ್ಲಿ ಎಂದೂ ಫೇಲಾಗದವನು ಇದರಲ್ಲಿ ಹೇಗೆ ಫೇಲಾದ ಎಂದು ಅಪ್ಪನಿಗೆ ಕೊನೆಯವರೆಗೂ ಆಶ್ಚರ್ಯವಿತ್ತು. ಇನ್ನೊಂದು ನೆನಪಾಯಿತು. ನನ್ನ ಮದುವೆಯ ಮೊದಲ ಗೌರಿ ಹಬ್ಬಕ್ಕೆ ಹಸಿರು ಬಳೆ ತಾ ಎಂದರೆ ಕೆಂಪು ಬಳೆ ತಂದಿದ್ದ. ಅಂಗಡಿಯವನು ಮೋಸ ಮಾಡಿದ ಎಂದು ಕೂಗಾಡಿದ್ದ. ಅಲ್ಲಿಂದ ಮುಂದೆ ಬಾಗಿನಕ್ಕೆ ಬಳೆ ತರಲೇ ಇಲ್ಲ, ದುಡ್ಡು ಕೊಟ್ಟು ನೀನೇ ತಗೋ ಎನ್ನುತ್ತಿದ್ದ.

ಈಗ ನನಗೆ ನಿಜವಾಗಿ ಭಯವಾಯಿತು. ಮಗನಿಗೆ ಹೇಳಲೇಬೇಕು. ಹೇಳದೆ ಬಿಟ್ಟರೆ ಅವನಿಗೂ ಎಂದೋ ಒಂದು ದಿನ ಯಾವುದೋ ಊರಿನ ಸಾಲಿನಲ್ಲಿ ನಿಂತಾಗ ಗುರುತಿಲ್ಲದ ಯಾರೋ ಹೇಳುತ್ತಾರೆ. ಆದರೆ ಕಿಟಕಿಯ ಸರಳು ಹತ್ತಿ ನಿಂತು ಹಡಗು ನಡೆಸುವ ಹುಡುಗನಿಗೆ, ಇಳಿ ಮಗನೇ, ಅದು ನಿನಗಿಲ್ಲ ಎಂದು ಹೇಗೆ ಹೇಳುವುದು? ಹಡಗು ಸುಳ್ಳಾದ ಮೇಲೆ ಇವನೂ ಅಣ್ಣನ ಹಾಗೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರೆ?

ಅಣ್ಣನಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಕೇಳಬೇಕೆಂದಿದ್ದೆ, ಆಗಲಿಲ್ಲ. ಬಿಸ್ಕತ್ತಿನಿಂದ ಶುರುಮಾಡಿ ಡಾಕ್ಟರವರೆಗೆ ಒಂದೇ ಉಸಿರಿನಲ್ಲಿ ಹೇಳಿ, "ಮದರಾಸಲ್ಲಿ ಏನಾಯ್ತು ಅಣ್ಣ?" ಎಂದೆ.

"ಆ ಬಿಸ್ಕತ್ತು ಇನ್ನೂ ಇದ್ಯಾ?" ಎಂದ.

"ಖಾಲಿಯಾಯ್ತು."

"ಇನ್ನೊಂದ್ಸಲ ಮಾಡು. ಚೆನ್ನಾಗಿರೋದೂ ಮಾಡು, ಕೆಟ್ಟಿದ್ದೂ ಮಾಡು. ಬರ್ತೀನಿ. ನಾ ಬರೋಗಂಟ ಅವನಿಗೇನೂ ಹೇಳ್ಬೇಡ ಕಣೇ."

ಬೇಕೆಂದೇ ಕೆಡಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ತಣ್ಣಗಿನ ಹಿಟ್ಟು ಲಟ್ಟಿಸಿದರೂ ಕಲ್ಲಂಗಡಿಯೇ ದೊಡ್ಡದಾಗುತ್ತದೆ, ಕೆಡುವುದಿಲ್ಲ. ಬಿಲ್ಲೆಗಳನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಲಟ್ಟಣಿಗೆಯಲ್ಲಿ ಅತ್ತಿತ್ತ ಎಳೆದಾಡಿ, ಬಣ್ಣವೆಲ್ಲ ಕಲಸಿಹೋದ ಮೇಲೆ ಲೋಟದ ಬಾಯಿಯಲ್ಲಿ ಒತ್ತಿ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆ. ಎಳ್ಳಿನಿಂದ ಗುರುತು ಸಿಗಬಾರದೆಂದು ಈ ಸಲ ಅದನ್ನು ಹಾಕಿರಲಿಲ್ಲ. ಚೇಚ್ಚಿ ಓವನ್ನಿನ ಮುಂದೆ ನಿಂತು, ಒಳ್ಳೆಯದನ್ನು ಮಾಡಲು ಬರುವವಳು ಕೆಟ್ಟದ್ದನ್ನು ಇಷ್ಟು ಶ್ರದ್ಧೆಯಿಂದ ಯಾಕೆ ಮಾಡುತ್ತಿದ್ದಾಳೆ ಎಂದು ನೋಡುತ್ತಿದ್ದರು. ಅವರಿಗೆ ಎಲ್ಲ ಹೇಳಿದೆ. ಅವರು ಓವನ್ನಿನ ಉರಿ ತಾವೇ ಸರಿಮಾಡಿ, ನನ್ನ ಬೆನ್ನು ತಟ್ಟಿದರು.

ಅಣ್ಣ ಬಂದ ದಿನ ಊಟವಾದ ಮೇಲೆ ಅಡುಗೆಮನೆಯ ನೆಲದ ಮೇಲೆ ಮಗನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ನಾನು ತಟ್ಟೆಯಲ್ಲಿ ಎರಡು ಬಿಸ್ಕತ್ತಿಟ್ಟೆ. ಒಂದರಲ್ಲಿ ಹಸಿರು ಸಿಪ್ಪೆಯೊಳಗೆ ಕೆಂಪು ತಿರುಳು, ಇನ್ನೊಂದು ಬರೀ ಕಲಸುಮೇಲೋಗರ. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ. ಕೈಗೆತ್ತಿಕೊಂಡು ನೋಡಿದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದಾದರೂ ವ್ಯತ್ಯಾಸ ಹೇಳಲಿ ದೇವರೇ ಎಂದು ನಾನು ಯಾಕೆ ಬೇಡಿಕೊಂಡೆನೋ ತಿಳಿಯದು.

"ಎರಡೂ ಒಂದೇ" ಎಂದ.

ಮಗನ ಮುಖ ಅರಳಿತು. "ಅಲ್ವಾ ಮಾಮ? ಅಮ್ಮ ಮಾತ್ರ ಬೇರೆ ಬೇರೆ ಅಂತಾಳೆ!"

"ಅವಳಿಗೆ ಬೇರೆ ಬೇರೆ ಕಾಣುತ್ತೆ ಕಣೋ. ಸುಳ್ಳು ಹೇಳ್ತಿಲ್ಲ ಅವಳು. ನಂಗೂ ನಿಂಗೂ ಕಾಣಲ್ಲ. ಕೆಂಪು, ಹಸಿರು ಅಂತ ಎರಡು ಬಣ್ಣ ಅಂತಾರಲ್ಲ, ಅವು ನಮ್ಮಿಬ್ಬರ ಕಣ್ಣಿಗೆ ಒಂದೇ."

ಮಗ ಬಿಸ್ಕತ್ತನ್ನು ತಿರುಗಿಸಿ ತಿರುಗಿಸಿ ನೋಡಿದ. ಪ್ರಶ್ನೆ ಕೇಳುವವನು, ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಎಂದು ನನಗೆ ಗೊತ್ತಿತ್ತು.

"ಹಂಗಾದ್ರೆ ಹಡಗಿನ ಲೈಟು?"

"ಅದೇ ಬಣ್ಣ. ಕೆಂಪು, ಹಸಿರು."

"ಪೈಲಟ್ ಆಗಕ್ಕಾಗಲ್ವಾ?"

ಅಣ್ಣ ಏನಾದರೂ ಸಮಾಧಾನ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. "ಆಗಲ್ಲ ಕಂದ" ಎಂದ. "ನಾನೂ ರೈಲು ಓಡಿಸ್ಬೇಕು ಅಂತಿದ್ದೆ. ನಂಗೂ ಆಗ್ಲಿಲ್ಲ."

ಮಗ ಅತ್ತ. ಬಿಕ್ಕಿ ಬಿಕ್ಕಿ, ಬಿಸ್ಕತ್ತು ಕೈಯಲ್ಲಿ ಪುಡಿಯಾಗುವ ಹಾಗೆ ಅತ್ತ. ಎತ್ತಿಕೊಳ್ಳಲು ಹೋದ ನನ್ನನ್ನು ಅಣ್ಣ ಕೈಯಲ್ಲೇ ತಡೆದ. ತಾನೂ ಎತ್ತಿಕೊಳ್ಳಲಿಲ್ಲ, ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದ. ಅಳು ಸ್ವಲ್ಪ ಇಳಿದ ಮೇಲೆ ಮಗ ಮೂಗೊರೆಸಿಕೊಂಡು, "ನಿಂಗೆ ಹೇಳಿದಾಗ ನೀನೂ ಅತ್ತಿದ್ಯಾ?" ಎಂದು ಕೇಳಿದ.

"ಇಲ್ಲ. ಅಲ್ಲಿ ತುಂಬಾ ಜನ ಇದ್ರು. ಅವರು ಮುಂದಿನವನನ್ನ ಕರೆದ್ರು, ನಾನು ಆಚೆ ಬಂದೆ. ಮನೇಲಿ ಪರೀಕ್ಷೆ ಫೇಲು ಅಂದೆ. ಕಣ್ಣಿನ ವಿಷಯ ನಮ್ಮಪ್ಪಂಗೂ ಹೇಳ್ಲಿಲ್ಲ. ನಿಮ್ಮತ್ತೆಗೂ ಇವತ್ತಿನವರೆಗೂ ಗೊತ್ತಿಲ್ಲ."

"ಯಾಕೆ ಹೇಳ್ಲಿಲ್ಲ?"

"ನಂಥೋನು ಇನ್ನೊಬ್ಬ ಇದಾನೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ."

ನಾನು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆಮೇಲಿನ ಎರಡು ದಿನ ಮನೆಯಲ್ಲಿ ನಡೆದದ್ದು ಪರೀಕ್ಷೆಗಳ ಜಾತ್ರೆ. ಇಬ್ಬರೂ ಕಂಡಕಂಡ ವಸ್ತುವನ್ನು ಎತ್ತಿ ತಂದು, ಇದು ಯಾವುದು, ಅದು ಯಾವುದು ಎಂದು ಪಂದ್ಯ ಕಟ್ಟುವುದು, ತೀರ್ಪಿಗೆ ನನ್ನ ಹತ್ತಿರ ಬರುವುದು. ನನ್ನ ರೇಷ್ಮೆ ಸೀರೆಗಳು ಹೊರಬಂದವು, ಬೇಳೆ ಡಬ್ಬಿಗಳು ಹೊರಬಂದವು. ತಾನು ಇಷ್ಟು ವರ್ಷ ಕಲಿತ ಉಪಾಯಗಳನ್ನೆಲ್ಲ ಅಣ್ಣ ಅವನಿಗೆ ಧಾರೆ ಎರೆದ. ಟೊಮೆಟೊ ಹಿಚುಕುವುದು ಇವನಿಗೆ ಆಗಲೇ ಗೊತ್ತಿತ್ತು, ಅದಕ್ಕೆ ಮಾಮನಿಂದ ಶಹಭಾಸ್ ಸಿಕ್ಕಿತು. ಸಿಗ್ನಲ್ಲಿನಲ್ಲಿ ಬಣ್ಣ ನೋಡಬಾರದು, ಜಾಗ ನೋಡಬೇಕು. ರಸ್ತೆಯದಾದರೆ ಕೆಂಪು ಮೇಲೆ, ಹಸಿರು ಕೆಳಗೆ. ರೈಲಿನದಾದರೆ ತಿರುಗಾಮುರುಗಾ. ಉಳಿದ ಹಿಟ್ಟಿನಲ್ಲಿ ಇಬ್ಬರೂ ಸೇರಿ ತಾವೇ ಒಂದು ಕಲ್ಲಂಗಡಿ ಮಾಡಿದರು, ಒಳಗೆ ಹಸಿರು, ಹೊರಗೆ ಕೆಂಪು. ಎಷ್ಟು ಚೆನ್ನಾಗಿ ಬಂದಿದೆ ಎಂದು ಪರಸ್ಪರ ಹೊಗಳಿಕೊಂಡರು. ನಾನೂ ಚೆನ್ನಾಗಿದೆ ಎಂದೆ. ಚೇಚ್ಚಿ ಎರಡು ತಿಂದರು.

ಕಿಟಕಿಯ ಸರಳಿಗೆ ಮಗ ಮತ್ತೆ ಹತ್ತಲಿಲ್ಲ. ಆದರೆ ಗೋಡೆಗೆ ಮುಖ ಮಾಡಿ ಮಲಗಲಿಲ್ಲ, ಅದೂ ನಿಜ.

ಸಂಜೆಯ ರೈಲಿಗೆ ಅಣ್ಣನನ್ನು ಬಿಡಲು ಹೋದೆವು. ಡಬ್ಬಿಯಲ್ಲಿ ಬಿಸ್ಕತ್ತು ಕಟ್ಟಿಕೊಟ್ಟಿದ್ದೆ, ಅತ್ತಿಗೆಗೆ ತೋರಿಸಿ ಎಲ್ಲ ಹೇಳುತ್ತೇನೆ ಎಂದಿದ್ದ. ಸಾಮಾನು ಸೀಟಿನಲ್ಲಿಟ್ಟ ಮೇಲೆ ಇಬ್ಬರೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಇಂಜಿನ್ನಿನ ಹತ್ತಿರ ನಿಂತಿದ್ದರು. ಮಗ ಸಿಗ್ನಲ್ ಕಂಬವನ್ನೇ ನೋಡುತ್ತಿದ್ದ. ಅಣ್ಣ ನೋಡುತ್ತಿದ್ದದ್ದು ಇಂಜಿನ್ನಿನ ಕಿಟಕಿಯಲ್ಲಿ ಕುಳಿತಿದ್ದ ಡ್ರೈವರನ್ನು.

"ಮಾಮಾ!" ಎಂದು ಮಗ ಅವನ ಕೈ ಹಿಡಿದು ಜಗ್ಗಿದ. "ಕೆಳಗಿಂದು ಆರ್‌ಹೋಯ್ತು, ಮೇಲಿಂದು ಹತ್ಕೊಂತು. ಹೋಗು, ನಿನ್ ರೈಲು ಬಿಡುತ್ತೆ!"

ಅಣ್ಣ ತಲೆಯೆತ್ತಿ ಕಂಬವನ್ನು ನೋಡಿದ. ಆಮೇಲೆ, ಸಣ್ಣ ಹುಡುಗನ ಹಾಗೆ, ತನ್ನ ಬೋಗಿಯ ಕಡೆ ಓಡಿದ.